ಶನಿವಾರದ ಸೀಸೆ

ಗೋಪಾಲಪ್ಪ ಎರಡು ಗೋಲಿ ಸೀಸೆಗಳನ್ನು ತಂದು ಜಗಲಿಯ ಮೇಲೆ ಅಕ್ಕಪಕ್ಕ ಇಟ್ಟಾಗ ಮಾರಕ್ಕ ಎರಡನ್ನೂ ಬದಲಿಸಿ ಬದಲಿಸಿ ನೋಡಿದಳು. ಶನಿವಾರ ಬೆಳಿಗ್ಗೆ ರುಚಿ ನೋಡುವುದಕ್ಕೆ ಯಾವತ್ತೂ ಒಂದೇ ಸೀಸೆ ಇರುತ್ತಿತ್ತು.

"ಇದೇನ್ ಗೋಪಾಲಪ್ಪ, ಇವತ್ತು ಜೋಡಿ?"

"ಒಂದ್ರಲ್ಲಿ ನಿನ್ನ ಕಷಾಯ ಐತೆ. ಇನ್ನೊಂದ್ರಲ್ಲಿ ಪ್ಯಾಟೆಯಿಂದ ತಂದ ಎಸೆನ್ಸು. ಯಾವ್ದು ನಿಂದು ಅಂತ ನೀನೇ ಏಳು. ಕಂಡಿಡಿದ್ರೆ ನಿನ್ನ ಕಷಾಯಾನೇ ಇರ್ಲಿ. ನಿಂಗೇ ಗೊತ್ತಾಗ್ದಿದ್ರೆ..."

ಲಗ್ಗೆರೆಯ ಗೋಪಾಲಪ್ಪನ ಸೊಗದೆ ಬೇರಿನ ಸೋಡಾ ಎಂದರೆ ಪೀಣ್ಯದ ಕಾರ್ಖಾನೆಗಳ ಕ್ಯಾಂಟೀನಿನವರೆಗೂ ಹೆಸರು. ದೊಡ್ಡ ಕಂಪನಿಯ ಕೋಲಾ ದೇಶ ಬಿಟ್ಟು ಹೋದ ಮೇಲಂತೂ ಕೇಳುವವರು ಹೆಚ್ಚಿದ್ದರು. ಬೇರನ್ನು ಕುಟ್ಟಿ, ರಾತ್ರಿಯಿಡೀ ನೆನೆಹಾಕಿ, ಬೆಲ್ಲ ಸೇರಿಸಿ ಕಾಯಿಸಿ ಕೊಡುವವಳು ಮಾರಕ್ಕ. ಗಂಡ ಇಲ್ಲ, ಮಕ್ಕಳಾಗಲಿಲ್ಲ. ಇರುವುದು ಒಂದು ಕೋಣೆಯ ಮನೆ, ಒಂದು ದೊಡ್ಡ ಹಂಡೆ. ಶನಿವಾರ ಮಾತ್ರ ಅವಳನ್ನು ಈ ಜಗಲಿಯ ಮೇಲೆ ಕೂರಿಸಿ, ಸೋಡಾ ಒಡೆದು, "ಎಂಗೈತೆ ಮಾರಕ್ಕ?" ಎಂದು ಕೇಳುತ್ತಿದ್ದರು. ಅವಳು ಹೂಂ ಎಂದ ಮೇಲೇ ಗಾಡಿ ಹೊರಡುತ್ತಿದ್ದುದು. ಅವಳ ಮಾತಿಗೆ ಊರಲ್ಲಿ ಯಾರಾದರೂ ಕಾಯುತ್ತಿದ್ದರೆ ಅದು ಆ ಒಂದು ಗಳಿಗೆ. ನಾಲಿಗೆ ಕೆಡಬಾರದೆಂದು ಆ ದಿನ ಎಲೆಅಡಿಕೆಯನ್ನೂ ಮುಟ್ಟುತ್ತಿರಲಿಲ್ಲ, ಉಳಿದ ದಿನ ಅದಿಲ್ಲದೆ ಅವಳಿಗೆ ಬೆಳಗೇ ಆಗುತ್ತಿರಲಿಲ್ಲ.

ಆದರೆ ಚಳಿಗಾಲದಲ್ಲಿ ಬಂದ ಜ್ವರ ಹೋಗುವಾಗ ಅವಳ ಮೂಗನ್ನೂ ಕೊಂಡುಹೋಗಿತ್ತು. ಸಿಹಿ ಗೊತ್ತಾಗುತ್ತಿತ್ತು, ಉಪ್ಪು ಗೊತ್ತಾಗುತ್ತಿತ್ತು. ಘಮ ಮಾತ್ರ ಇಲ್ಲ. ಒಗ್ಗರಣೆ ಸೀದರೆ ಹೊಗೆ ಕಣ್ಣಿಗೆ ತಗುಲಿದ ಮೇಲೇ ತಿಳಿಯಬೇಕು. ಯಾರಿಗೂ ಹೇಳಲಿಲ್ಲ. ಹೇಳಿದರೆ ಶನಿವಾರ ಕೈಬಿಟ್ಟು ಹೋಗುತ್ತದಲ್ಲ! ಬಣ್ಣ ನೋಡಿ, ಗ್ಯಾಸು ಸುಯ್ಯೆಂದ ಬಗೆ ಕೇಳಿ, "ಬೇರು ಚೆಂದಾಗಿ ರಸ ಬಿಟ್ಟೈತೆ" ಎಂದು ತಳ್ಳಿಕೊಂಡು ಬಂದಿದ್ದಳು. ಕೈಯಳತೆ ಹಳೆಯದು, ತಪ್ಪುತ್ತಿರಲಿಲ್ಲ.

ಗೋಪಾಲಪ್ಪನ ಹೆಂಡತಿ ನಾಗಲಕ್ಷ್ಮಮ್ಮ ಬಂದು ಬಾಗಿಲಿಗೆ ಒರಗಿ ನಿಂತಳು. ಗೋಪಾಲಪ್ಪ ಗೋಲಿ ಒತ್ತಿದ. ಎರಡೂ ಸುಯ್ಯೆಂದವು. ಎರಡರ ಬಣ್ಣವೂ ಒಂದೇ. ಮಾರಕ್ಕ ಮೊದಲನೆಯದನ್ನು ಗುಟುಕರಿಸಿದಳು. ಸಿಹಿ, ಚುರುಕು. ಬಾಯಿ ಮುಕ್ಕಳಿಸಿ ಎರಡನೆಯದನ್ನು ಕುಡಿದಳು. ಅದೂ ಸಿಹಿ, ಅದೂ ಚುರುಕು. ಗೋಪಾಲಪ್ಪನ ಮುಖ ನೋಡಿದರೆ ಅವನು ಬೇಕೆಂದೇ ಬೀದಿ ನೋಡುತ್ತಿದ್ದ. ಮನೆದೇವರನ್ನು ನೆನೆದು ಎಡಗಡೆಯ ಸೀಸೆ ಎತ್ತಿದಳು.

"ಇದು ನಮ್ದು. ಮಣ್ಣಿನ ವಾಸ್ನೆ ಬತ್ತೈತಲ್ಲ, ಅದೇ ಗುರುತು."

ನಾಗಲಕ್ಷ್ಮಮ್ಮ ಕಿಸಕ್ಕನೆ ನಕ್ಕಳು. ಗೋಪಾಲಪ್ಪ ನಗಲಿಲ್ಲ.

"ಅದು ಎಸೆನ್ಸು ಮಾರಕ್ಕ," ಎಂದ. "ನಿನ್ ನಾಲ್ಗೇಗೇ ತಿಳೀಲಿಲ್ಲ ಅಂದ್ಮೇಲೆ ಫ್ಯಾಕ್ಟ್ರಿಯೋರಿಗೇನು ತಿಳಿದೀತು? ಕುಟ್ಟೋದು, ಕಾಯ್ಸೋದು ಎಲ್ಲ ಇನ್ ಸಾಕು ಬುಡು."

ಮಾರಕ್ಕ ಕೈಯಲ್ಲಿದ್ದ ಸೀಸೆಯನ್ನು ಕೆಳಗಿಟ್ಟಳು. ಇನ್ನು ಮುಚ್ಚಿಟ್ಟು ಮಾಡುವುದೇನಿದೆ?

"ನಂಗೆ ವಾಸ್ನೇನೇ ಗೊತ್ತಾಗಾಕಿಲ್ಲ ಕಣಪ್ಪ, ಜರ ಬಂದಾಗ್ನಿಂದ. ದೇವ್ರಾಣೆ. ಇನ್ಯಾರ್ಗಾದ್ರೂ ಕುಡಿಸಿ ನೋಡು."

"ಈಗಿನ್ನೂ ಮಣ್ಣಿನ ವಾಸ್ನೆ ಅಂದ್ಯಲ್ಲ!" ಎಂದಳು ನಾಗಲಕ್ಷ್ಮಮ್ಮ. "ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ."

ಗೋಪಾಲಪ್ಪ ಹೆಂಡತಿಯನ್ನು ಗದರಿದ. ಆದರೆ ಅವನೂ ನಂಬಲಿಲ್ಲ. "ಓಗ್ಲಿ ಬುಡಕ್ಕ, ವಯಸ್ಸಾಯ್ತು," ಎಂದು ಸೀಸೆಗಳನ್ನು ಎತ್ತಿಕೊಂಡು ಒಳಗೆ ಹೋದ. ತಿಂಗಳುಗಟ್ಟಲೆ ಆಡಿದ ಸುಳ್ಳನ್ನು ಕಣ್ಣುಮುಚ್ಚಿ ನಂಬಿದವರು ಒಂದೇ ಒಂದು ನಿಜವನ್ನು ನಂಬಲಿಲ್ಲ. ತಪ್ಪು ಯಾರದೆಂದು ಮಾರಕ್ಕ ಯಾರನ್ನು ಕೇಳಬೇಕು?

ಮನೆಗೆ ಬಂದವಳು ಎಲೆಅಡಿಕೆ ಚೀಲ ಬಿಚ್ಚಿದಳು. ಎಲೆಗೆ ಸುಣ್ಣ ಸವರಿದಳು, ಬಾಯಿಗಿಡಲು ಮಾತ್ರ ಮನಸ್ಸಾಗದೆ ಮಡಿಚಿಟ್ಟಳು. ಮೂಲೆಯಲ್ಲಿ ರಾತ್ರಿ ನೆನೆಹಾಕಿದ್ದ ಬೇರು ಹಾಗೇ ಇತ್ತು. ಚೆಲ್ಲಲು ಕೈ ಬರಲಿಲ್ಲ. ಸಂಜೆ ಒಲೆ ಹಚ್ಚಿ ಹಂಡೆ ಏರಿಸಿದಳು. ಯಾರಿಗಾಗಿ ಕಾಯಿಸುತ್ತಿದ್ದಾಳೆಂದು ಅವಳಿಗೇ ಗೊತ್ತಿರಲಿಲ್ಲ. ಅಳು ಬಂತು, ಅತ್ತಳು. ಒಂಟಿ ಮನೆಯಲ್ಲಿ ಅಳುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಪಕ್ಕದ ವಠಾರಕ್ಕೆ ಹೊಸದಾಗಿ ಬಾಡಿಗೆಗೆ ಬಂದಿದ್ದ ಭಾಗ್ಯಮ್ಮ ಪೀಣ್ಯದಲ್ಲಿ ಕೆಲಸ ಮುಗಿಸಿ ಬರುತ್ತಿದ್ದವಳು ಬಾಗಿಲಲ್ಲಿ ನಿಂತಳು. ಇಬ್ಬರೂ ಇದುವರೆಗೆ ಮಾತಾಡಿರಲಿಲ್ಲ.

"ಏನ್ ಕಾಯಿಸ್ತಿದೀರಾ ಅಜ್ಜಿ? ಆ ತಿರುವ್ನಿಂದ್ಲೇ ಘಮ್ಮಂತಿದೆ."

"ಬತ್ತೈತಾ?"

"ಬೀದಿ ತುಂಬಾ!"

ಮಾರಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, ಅವಳನ್ನು ಒಳಗೆ ಕರೆದು ಮಣೆ ಹಾಕಿದಳು. ಲೋಟಕ್ಕೆ ಒಂದಿಷ್ಟು ಕಷಾಯ ಬಗ್ಗಿಸಿ, ಮಡಕೆಯ ತಣ್ಣೀರು ಬೆರೆಸಿ ಕೊಟ್ಟಳು. ಭಾಗ್ಯಮ್ಮ ತುಟಿಗಿಟ್ಟಳು. ಮಾರಕ್ಕ ಎದುರಿಗೆ ಕುಕ್ಕರಗಾಲಿನಲ್ಲಿ ಕೂತು, ಗುಟುಕು ಇಳಿಯುವ ಆ ಗಂಟಲನ್ನೇ ನೋಡುತ್ತಿದ್ದಳು.

"ಎಂಗೈತೆ?" ಎಂದು ಕೇಳಿದಳು.