ಒಡಪಿಗೆ ಬಾರದ ಹೆಸರು

ಸೇಡಂನ ಹೆಣ್ಣುಮಕ್ಕಳ ಶಾಲೆಯ ಬೋರ್ಡಿನಲ್ಲಿ ಮೈಸೂರು ರಾಜ್ಯವನ್ನು ಅಳಿಸಿ ಕರ್ನಾಟಕ ಎಂದು ಬರೆದ ಬಣ್ಣ ಇನ್ನೂ ಹೊಸದಾಗಿತ್ತು. ಅದರ ಕೆಳಗೆ ಯಾರೋ ಸೀಮೆಸುಣ್ಣದಲ್ಲಿ 'ಮಹಿಳಾ ಮೇಳ, ಗಂಡಸರು ಒಳಗ ಬರಬಾರದು' ಎಂದು ಗೀಚಿದ್ದರು. ಗಂಡಸರಿಲ್ಲವೆಂದ ಮೇಲೆ ಕೇಳಬೇಕೆ? ಹೋಳಿಗೆ ಮಾರುವವಳು, ಬಳೆ ತೊಡಿಸುವವಳು, ಹೊಲಿಗೆ ಯಂತ್ರದ ಚೀಟಿ ಎತ್ತುವವರು, ಎಲ್ಲರ ಸೆರಗೂ ಹೆಗಲಿಗೆ ಇಳಿದಿತ್ತು, ಎಲ್ಲರ ದನಿಯೂ ಮಾಡಿಗೆ ಏರಿತ್ತು.

ಬೇವಿನ ಮರದ ಕೆಳಗೆ ಶಿವಕಾಂತಮ್ಮ ಮಾತ್ರ ಉಸಿರು ಬಿಗಿಹಿಡಿದು ಕೂತಿದ್ದಳು. ಪಕ್ಕದಲ್ಲಿ ಆಶಾಬಿ ಢೋಲಕಿನ ಹಗ್ಗ ಬಿಗಿಯುತ್ತಿದ್ದಳು. ಮುದುಕಿ ಪೀರಮ್ಮ ತಾಳಗಳನ್ನು ಮಡಿಲಲ್ಲಿಟ್ಟುಕೊಂಡು ತೂಕಡಿಸುತ್ತಿದ್ದಳು. ಒಂದೇ ಓಣಿಯ ಈ ಮೂವರು ಯಾರ ಮನೆಯಲ್ಲಿ ತೊಟ್ಟಿಲು ಕಟ್ಟಿದರೂ, ಯಾರ ಮನೆಯಲ್ಲಿ ಅರಿಸಿನ ಹಚ್ಚಿದರೂ ಹೋಗಿ ಹಾಡುವವರು. ಮೈಕಿನ ಮುಂದೆ ಹಾಡುವುದು ಇದೇ ಮೊದಲು.

"ಅರೆ, ಮಾರಿ ಯಾಕ ಹಂಗ ಮಾಡೀದಿ? ಹಾಡ್ಲಿಕ್ಕೆ ಬಂದೀಯೋ, ಮಯ್ಯತ್ತಿನ ಹೆಣ ಕಾಯ್ಲಿಕ್ಕೆ ಬಂದೀಯೋ?" ಎಂದಳು ಆಶಾಬಿ.

"ಮುಂದಿನ ಸಾಲಿನಾಗ ಯಾರ ಕುಂತಾರ ನೋಡು."

ಆಶಾಬಿ ಕತ್ತೆತ್ತಿ ನೋಡಿದಳು. ಹಸಿರು ಇಳಕಲ್ ಸೀರೆ, ಮಡಿಲಲ್ಲಿ ಎಲೆಅಡಿಕೆ ಚೀಲ, ಕದಲದ ಕಣ್ಣು. ಶಿವಕಾಂತಮ್ಮನ ಅತ್ತೆ, ಗಂಡನೂರು ಕೊಡ್ಲಿಯಿಂದ ಬೆಳಗಿನ ಬಸ್ಸಿಗೇ ಬಂದು ಕೂತಿದ್ದಳು.

ಕೊಡ್ಲಿಯ ಸಂಗತಿ ಓಣಿಗೆಲ್ಲ ಗೊತ್ತಿತ್ತು. ಗಂಡನಿಗೆ ಹೆಂಡತಿ ಒಲೆ ಮುಂದೆ ಕೂತು ಹಾಡುವುದು ಸೇರುತ್ತಿರಲಿಲ್ಲ. ಒಂದು ದಿನ ಜೋಳ ತೆಗೆಯಲು ಅವಳನ್ನು ಹಗೇವಿಗೆ ಇಳಿಸಿದ. ಹಗೇವೆಂದರೆ ಅಂಗಳದ ಕೆಳಗೆ ಕಾಳು ತುಂಬಿಡಲು ತೋಡಿದ ಕುಣಿ, ಒಬ್ಬರು ಇಳಿಯುವಷ್ಟೇ ಅದರ ಬಾಯಿ. ಬುಟ್ಟಿ ತುಂಬಿ ಮೇಲೆ ಕೊಟ್ಟ ಮೇಲೆ ಅವಳು ಕೈ ಚಾಚಿದಳು. ಅವನು ಕೈ ಹಿಡಿಯಲಿಲ್ಲ, ಬಾಯಿಗೆ ಬಂಡೆ ಎಳೆದ. "ಈಗ ಹಾಡು, ಯಾರಿಗೂ ಕೇಳಂಗಿಲ್ಲ" ಎಂಬ ಮಾತು ಕಲ್ಲಿನ ಸಂದಿನಿಂದ ಇಳಿದು ಬಂತು. ಕತೆಯ ರಾಜಕುಮಾರಿಯರಿಗೆ ಪಾತಾಳದಲ್ಲೂ ಒಂದು ಮಣಿದೀಪ ಇರುತ್ತದೆ. ಇವಳಿಗೆ ಇದ್ದದ್ದು ಹುಳಿತ ಜೋಳದ ಬಿಸಿ ಉಸಿರು ಮಾತ್ರ. ನೆರೆಮನೆಯವಳು ಹೇಗೋ ತಿಳಿದು ಬಂಡೆ ಸರಿಸಿದಾಗ ಅವಳಿಗೆ ಪ್ರಜ್ಞೆ ಇರಲಿಲ್ಲ. ಎಚ್ಚರಾದ ಮೇಲೆ ತವರಿಗೆ ಬಂದವಳು ತಿರುಗಿ ಹೋಗಿರಲಿಲ್ಲ. ಅತ್ತೆ ಅದನ್ನು ಇಂದಿಗೂ ಚಾಷ್ಟಿ, ಬರೀ ತಮಾಷೆ, ಎನ್ನುತ್ತಿದ್ದಳು.

ಆದರೆ ತವರೆಂದರೆ ಈಗ ಅಣ್ಣ ಮಾಣಿಕಪ್ಪನ ಎರಡು ಕೋಣೆಯ ಮನೆ. ಅತ್ತಿಗೆ ವಿಮಲಾಬಾಯಿಯ ಮಗಳು ದೊಡ್ಡವಳಾಗಿದ್ದಳು. ನೋಡಲು ಬಂದವರೆಲ್ಲ ಮೊದಲು ಕೇಳುತ್ತಿದ್ದದ್ದು, "ಗಂಡನ್ನ ಬಿಟ್ಟ ಸೋದರತ್ತಿ ಇದೇ ಮನ್ಯಾಗ ಇರ್ತಾಳೇನು?" ಎಂದೇ. ನಿನ್ನೆ ಸಂಜೆ ಮಾಣಿಕಪ್ಪ ತಂಗಿಯ ಮುಖ ನೋಡದೆ, ಗೋಡೆಗೆ ಹೇಳಿದಂತೆ ಹೇಳಿದ್ದ:

"ನಾಳೆ ಮೇಳದಾಗ ನಾಲ್ಕು ಮಂದಿ ಮುಂದ ನಿನ್ನ ಬಾಯಿಲೆ ಅವನ ಹೆಸರು ಬಂದ್ರ ಸಾಕಂತ ನಿಮ್ಮತ್ತಿ ಹೇಳಿ ಕಳಿಸ್ಯಾರ. ಹಳೇದೆಲ್ಲ ಮರೆತು ಸಂಜಿ ಬಸ್ಸಿಗೇ ಕರ್ಕೊಂಡು ಹೋಗ್ತಾರ. ಬರಲಿಲ್ಲಂದ್ರ ತಪ್ಪು ನಿಂದಾಗ್ತದ. ಆಮ್ಯಾಲ ನನ್ನ ಮನಿ ಬಾಗಲಾನೂ ಕೇಳಬ್ಯಾಡ."

ಹೆಂಡತಿಯಾದವಳು ಗಂಡನ ಹೆಸರನ್ನು ಬರಿದೆ ಹೇಳುವಂತಿಲ್ಲ. ಹೇಳಲೇಬೇಕಾದರೆ ಸೆರಗಿನ ಮರೆಯಲ್ಲಿ ದೀಪ ತಂದಂತೆ, ಪ್ರಾಸ ಕಟ್ಟಿ, ಒಡಪಿನೊಳಗೆ ಇಟ್ಟು ಹೇಳಬೇಕು. ಹಾಗೆ ಒಡಪು ಹೇಳಿದಳೆಂದರೆ ನಾನು ಅವನವಳು ಎಂದು ಒಪ್ಪಿದಂತೆ. ಮಹಿಳಾ ಮಂಡಳ ನಡೆಸುತ್ತಿದ್ದ ಅತ್ತಿಗೆ ವಿಮಲಾಬಾಯಿಯೇ ಈ ವರ್ಷ ಹೊಸ ನಿಯಮ ತಂದಿದ್ದಳು: ಮುಂದಾಗಿ ಹಾಡುವವಳು ಮೊದಲು ಒಡಪು ಹೇಳಬೇಕು, ಆಮೇಲೆ ಹಾಡು. ಒಡಪಿಲ್ಲದಿದ್ದರೆ ಹಾಡಿಲ್ಲ.

ಚಿತ್ತಾಪುರದ ಮೇಳದವಳೊಬ್ಬಳು ವೇದಿಕೆ ಹತ್ತಿ, ನಾಚಿದಂತೆ ಮಾಡಿ, ಗಟ್ಟಿಯಾಗಿಯೇ ಹೇಳಿದಳು: "ಹಂಚಿನ ಮ್ಯಾಲ ಭಕ್ಕರಿ, ಡಬ್ಬ್ಯಾಗ ಸಕ್ಕರಿ, ಬಂಡೆಪ್ಪ ಅವರ ಮ್ಯಾಲ ನನ್ನ ಅಕ್ಕರಿ!"

"ಅಕ್ಕರಿ ಡಬ್ಬ್ಯಾಗ ಇಡಬ್ಯಾಡವ್ವಾ, ಇರುವಿ ಹತ್ತತಾವ!" ಎಂದು ಯಾರೋ ಕೂಗಿದರು. ಅಂಗಳವೆಲ್ಲ ನಕ್ಕಿತು. ಹಾಡು ಮುಗಿಯಿತು. ವಿಮಲಾಬಾಯಿ ಮೈಕಿಗೆ ಬಂದಳು.

"ಈಗ ನಮ್ಮ ಊರಿನವರು. ನಮ್ಮ ಶಿವಕಾಂತಮ್ಮ ಮತ್ತ ಸಂಗಡಿಗರು. ಬರ್ರಿ."

ಹತ್ತುವಾಗ ಶಿವಕಾಂತಮ್ಮ ಅತ್ತಿಗೆಯ ಕಿವಿಯ ಬಳಿ ಬಾಗಿದಳು. "ವೈನಿ, ನನ್ನ ಬದಲಿ ಪೀರಮ್ಮ ಒಡಪು ಹೇಳ್ಲಿ."

"ಪೀರಮ್ಮನ ಗಂಡ ಸತ್ತು ಯಾವ ಕಾಲ ಆತು! ಸುಮ್ನ ಹೇಳು. ಐದು ಅಕ್ಷರ, ಬಾಯಿ ಸವಿತದೇನು?"

ಆಶಾಬಿ, ಪೀರಮ್ಮ ಜಮಖಾನೆಯ ಮೇಲೆ ಕೂತರು. ಶಿವಕಾಂತಮ್ಮ ನಿಂತಳು. "ಹೆಸರ ಹೇಳ್ರಿ, ಹೆಸರ ಹೇಳ್ರಿ!" ಎಂದು ಹುಡುಗಿಯರು ಚಪ್ಪಾಳೆ ತಟ್ಟಿದರು. ಎದುರಿಗೆ ಅತ್ತೆ, ಪಕ್ಕದಲ್ಲಿ ಅತ್ತಿಗೆ, ಹಿಂದೆ ಶಾಲೆಯ ಗೋಡೆ. ಹೇಳಿದರೆ ಕೊಡ್ಲಿ. ಹೇಳದಿದ್ದರೆ ಹಾಡಿಲ್ಲ, ಮನೆಯೂ ಇಲ್ಲ.

ಅವಳಿಗೆ ತಿಳಿದ ಉಪಾಯ ಒಂದೇ, ಕತೆಗಾರ ಅಜ್ಜಿಯರ ಉಪಾಯ: ಮುಗಿಯದಂತೆ ಹೇಳುವುದು. ಕಣ್ಣು ಮುಚ್ಚಿ ಎಳೆ ಹಿಡಿದಳು:

"ಕಲ್ಲಿನ ಊರಾಗ ಬಳ್ಳಿ ಹಚ್ಚಿದೆ, ಬಳ್ಳಿ ಕೊಟ್ಟಿತು ಹೂವ,
ಹೂವ ಒಯ್ದು ಗಿಣಿಗೆ ಕೊಟ್ಟೆ, ಗಿಣಿ ಕೊಟ್ಟಿತು ಗರಿಯ,
ಗರಿಯ ಒಯ್ದು ಹೊಳಿಗೆ ಕೊಟ್ಟೆ, ಕಾಗಿಣಾ ಕೊಟ್ಟಳು ನೀರ…"

"ಆಹಾ! ಇದು ಒಡಪಲ್ಲ, ಸೀರಿ ನೇಯಾಕತ್ತಾಳ!" ಎಂದಳೊಬ್ಬಳು. ಆಶಾಬಿ ಮೆಲ್ಲಗೆ ಬೆರಳಿನಲ್ಲೇ ಠೇಕಾ ಹಿಡಿದಳು. ಶಿವಕಾಂತಮ್ಮನಿಗೆ ಎದೆ ಸ್ವಲ್ಪ ಹಗುರಾಯಿತು. ಹೀಗೇ ಕೊಡುತ್ತ ಪಡೆಯುತ್ತ ಹೋದರೆ ಬಿಸಿಲು ಇಳಿಯುತ್ತದೆ, ಬಸ್ಸು ಹೋಗುತ್ತದೆ, ಹೆಸರು ಬರುವುದೇ ಇಲ್ಲ.

"ನೀರ ಒಯ್ದು ಹೊಲಕ್ಕ ಕೊಟ್ಟೆ, ಹೊಲ ಕೊಟ್ಟಿತು ಜೋಳ,
ಜೋಳ ಒಯ್ದು…"

ಅಲ್ಲೇ ಎಳೆ ತುಂಡಾಯಿತು. ಜೋಳ ಒಯ್ದು ಎಲ್ಲಿಗೆ? ಗುಬ್ಬಿಗೆ ಹಾಕಬಹುದಿತ್ತು, ಜಂಗಮನ ಜೋಳಿಗೆಗೆ ನೀಡಬಹುದಿತ್ತು. ಒಂದೂ ಹೊಳೆಯಲಿಲ್ಲ. ಮೂಗಿಗೆ ಆ ಹುಳಿತ ವಾಸನೆ ಅಡರಿತು. ಹಿಂದಿನ ಸಾಲಿನ ಒಬ್ಬ ಹುಡುಗಿ, ಏನೂ ಅರಿಯದವಳು, ಸಾಲು ಮುಗಿಸಿಕೊಟ್ಟಳು:

"ಹಗೇವಿಗೆ ಹಾಕಿದೆ!"

ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ. ಎಲೆಗೆ ಸುಣ್ಣ ಸವರುತ್ತ, ಸಾಲಿಗೆಲ್ಲ ಕೇಳುವಂತೆ ಹೇಳಿದಳು: "ಹಗೇವು ತುಂಬಿತಲ್ಲಾ ತಂಗಿ, ಇನ್ನ ಹೆಸರ ಹೇಳು. ನಾ ಎಲ್ಲಿಗೂ ಓಡಿ ಹೋಗಂಗಿಲ್ಲ. ಈ ಬಸ್ ಹೋದ್ರ ನಾಳಿನ ಬಸ್ ಅದ."

ಶಿವಕಾಂತಮ್ಮ ಕಣ್ಣು ತೆರೆದಳು. ಅಷ್ಟು ಹೆಂಗಸರ ನಡುವೆಯೂ ತಲೆಯ ಮೇಲೆ ಬಂಡೆ ಸರಿಯುವ ಸದ್ದು ಅವಳಿಗೆ ಕೇಳಿತು. ಸಂದಿ ಕಿರಿದಾಗುತ್ತ ಬಂತು. ಪ್ರಾಸವೂ ಸಿದ್ಧವಾಗಿತ್ತು, ನಾಲಿಗೆಯ ತುದಿಗೇ ಬಂದಿತ್ತು. ಎಷ್ಟೆಂದರೂ ಕೈಯಲ್ಲಿ ಕಸುಬಿದ್ದವಳು. ಅವಳು ಅದನ್ನು ನುಂಗಿದಳು. ಮೈಕಿಗೆ ಬಾಯಿ ಹತ್ತಿರ ತಂದು, ರಾಗವಿಲ್ಲದೆ, ಸಂತೆಯಲ್ಲಿ ಯಾರನ್ನೋ ಕರೆದಂತೆ ಹೇಳಿದಳು.

"ಗುರುಲಿಂಗಪ್ಪ. ಕೊಡ್ಲಿಯವ."

ಮುಂದೇನೋ ಬರುತ್ತದೆಂದು ಅಂಗಳ ಕಾಯಿತು. ಏನೂ ಬರಲಿಲ್ಲ.

"ಅಯ್ಯ! ಗಂಡನ ಹೆಸರು ಹಂಗ ಬರಿದೇ ಅಂತಾರೇನವ್ವಾ? ಯಾರೋ ದಾರಿಹೋಕನ್ನ ಕರದಂಗ!" ಎಂದಳು ಮುಂದೆ ಕೂತ ಒಬ್ಬ ಮುದುಕಿ.

"ಹೌದ್ರಿ ಆಯಿ," ಎಂದಳು ಶಿವಕಾಂತಮ್ಮ. "ಹಂಗೇ ಅಂದೆ."

ಅತ್ತೆಯ ಕೈಯಲ್ಲಿ ಎಲೆ ಮಡಚದೆ ಉಳಿಯಿತು. ಅವಳು ಎದ್ದಳು. ಕೂತವರು ಮೊಣಕಾಲು ಮಡಚಿ ದಾರಿ ಕೊಟ್ಟರು. "ಇನ್ನ ನನ್ನ ಮಗಗ ಬ್ಯಾರೆ ನೋಡ್ತೀನಿ. ಇಕಿ ಬಾಯಿ ಸುಡ್ಲಿ" ಎಂದದ್ದು ಹೋಗುತ್ತ ಹೋಗುತ್ತ ಸಣ್ಣದಾಯಿತು.

ವಿಮಲಾಬಾಯಿ ಓಡಿಬಂದು ನಾದಿನಿಯ ತೋಳು ಹಿಡಿದಳು. ಪಿಸುಗುಟ್ಟಿದೆನೆಂದೇ ಅವಳು ತಿಳಿದಳು, ಮೈಕು ಅದನ್ನು ಬೇವಿನ ಮರದ ತುದಿಯ ತನಕ ಒಯ್ದಿತು: "ನನ್ನ ಮಗಳ ಬಾಳ್ವಿ ಸುಟ್ಟೆಲ್ಲಾ! ರಾತ್ರಿ ಎಲ್ಲಿ ಮಲಗ್ತಿ ಮಲಗು, ನಮ್ಮ ಹೊಸ್ತಿಲಾ ತುಳೀಬ್ಯಾಡ!"

ವಿಮಲಾಬಾಯಿ ಬಿಸಿ ಹಂಚು ಮುಟ್ಟಿದಂತೆ ಹಿಂದೆ ಸರಿದು, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವಳ ಕಣ್ಣಲ್ಲೂ ನೀರಿತ್ತು. ಶಿವಕಾಂತಮ್ಮ ಆಶಾಬಿಯತ್ತ ನೋಡಿದಳು. ಆಶಾಬಿಯದು ಒಂದೇ ಕೋಣೆಯ ಮನೆ, ಅದರಲ್ಲಿ ಮೂವರು ಸೊಸೆಯಂದಿರು. ಕೊನೆಗೆ ಅವಳು ಹೇಳಿದ್ದು ಇಷ್ಟೇ: "ಹೆಸರು ಹೇಳೀದಿ. ಹಾಡು ಬಿಟ್ಟುಕೊಡಬ್ಯಾಡ." ಢೋಲಕಿಗೆ ಕೈ ಬಿತ್ತು.

ಶಿವಕಾಂತಮ್ಮ ಎತ್ತಿಕೊಂಡ ದನಿ ವಿಪರೀತ ಮೇಲಿತ್ತು. ಅದು ಬಿರಿಯಿತು.

"ಇಳಿಸ ಯವ್ವಾ, ಇಳಿಸು," ಎಂದು ಪೀರಮ್ಮ ತಾಳ ಕುಟ್ಟುತ್ತ ಗೊಣಗಿದಳು. "ಅಷ್ಟು ಮ್ಯಾಲ ನನ್ನ ಮುದಿ ಗಂಟಲ ಹತ್ತಂಗಿಲ್ಲ."

ಅವಳು ದನಿ ಇಳಿಸಿ ಮತ್ತೆ ಮೊದಲಿನಿಂದ ಎತ್ತಿದಳು. ಈ ಸಲ ಕೂತಿತು. ಹಿಂದಿನ ಸಾಲಿನ ನಾಲ್ಕಾರು ಹೆಂಗಸರು ಅಳುಕುತ್ತ ಪಲ್ಲವಿಗೆ ದನಿಗೂಡಿಸಿದರು. ಗೇಟಿನ ಸರಳುಗಳಾಚೆ ಸೈಕಲ್ ಹಿಡಿದು ನಿಂತಿದ್ದ ಮಾಣಿಕಪ್ಪ ವೇದಿಕೆಯ ಮೇಲಿಂದ ಅವಳಿಗೆ ಕಾಣುತ್ತಿದ್ದ. ಕೊಡ್ಲಿ ಬಸ್ಸಿಗೆಂದು ತಂದಿದ್ದ ಅವಳ ಬಟ್ಟೆಯ ಗಂಟನ್ನು ಅವನು ಕ್ಯಾರಿಯರಿನಿಂದ ಬಿಚ್ಚಿದ. ಗೇಟಿನ ಬದಿಯ ಫರಸಿ ಕಲ್ಲಿನ ಮೇಲೆ ಇಟ್ಟ, ಬೀಳದಂತೆ ಒಮ್ಮೆ ಸರಿಯಾಗಿ ನಿಲ್ಲಿಸಿದ. ಸೈಕಲ್ ಹತ್ತಿ, ತಿರುಗಿ ನೋಡದೆ ಹೋದ.

ಶಿವಕಾಂತಮ್ಮ ಆಗ ಎರಡನೆಯ ನುಡಿಗೆ ಬಂದಿದ್ದಳು.