ಅಗಸಿ ದಾಟುವ ತನಕ

ಕಬ್ಬಿಣದ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ಕ್ರೇನ್ ನಡೆಸಿದ ಹನಮೇಶ, ಮಾಲಕರು ಕುಲುಮೆ ಆರಿಸಿ ಎಲ್ಲರನ್ನೂ ಮನೆಗೆ ಕಳಿಸಿದ ಮೇಲೆ ಮೂರು ತಿಂಗಳು ಕೊಪ್ಪಳದ ಬಾಡಿಗೆ ಮನೆಯ ಕಟ್ಟೆಯ ಮೇಲೆ ಕೂತ. ಕಾರ್ಖಾನೆ ಮತ್ತೆ ಯಾವಾಗ ಚಾಲೂ ಆಗುತ್ತದೆ ಎಂದು ಹೋಗಿ ಬರುವವರೆಲ್ಲ ಕೇಳುವುದನ್ನು ತಾಳಲಾರದೆ, ಕಡೆಗೆ ಅಲ್ಲಿಂದ ಲೆಕ್ಕ ಚುಕ್ತಾ ಆಗಿ ಬಂದ ಹಣದಲ್ಲಿ ಒಂದು ಹಳೆಯ ಬಿಳಿ ಕಾರು ಕೊಂಡ. ದೂರದ ಊರಿಗೆ ಸೀಟು ಹಂಚಿಕೊಂಡು ಹೋಗುವವರ ಆ್ಯಪಿನಲ್ಲಿ ಹೆಸರು ಹಚ್ಚಿದ. ಹೆಂಡತಿ ಅನ್ನಪೂರ್ಣ ಕಾರಿಗೆ ಕುಂಕುಮ ಹಚ್ಚಿ, ಗಾಲಿಯಡಿ ನಿಂಬೆಹಣ್ಣು ಇಟ್ಟು, ಇನ್ನು ಇದೇ ನಮ್ಮ ಎತ್ತು ಎಂದಳು.

ಟ್ಯಾಕ್ಸಿ ಸ್ಟ್ಯಾಂಡಿನ ಹಿರಿಯ ಡ್ರೈವರ್ ಮಕ್ಬುಲಸಾಬ ಅವನಿಗೆ ಕಸುಬಿನ ಒಂದೊಂದೇ ಮಾತು ಹೇಳಿಕೊಟ್ಟ. ದವಾಖಾನೆ ಮುಂದಿನ ಬಾಡಿಗೆ ಬಂದರೆ ಎರಡು ಸಲ ವಿಚಾರ ಮಾಡು ಎಂಬುದು ಅದರಲ್ಲೊಂದು. ಅವನ ಮೊದಲಿನ ಜೀಪಿನಲ್ಲಿ ಒಬ್ಬ ಮುದುಕಿ ಕಣ್ಣು ಮುಚ್ಚಿದ್ದಳು. "ಸುದ್ದಿ ನನಗಿಂತ ಮುಂಚೆ ಸ್ಟ್ಯಾಂಡಿಗೆ ಬಂದಿತ್ತಪಾ. ಆಮ್ಯಾಲ ಒಂದು ನರಪಿಳ್ಳಿ ಹತ್ತಲಿಲ್ಲ. ಕಡೀಕ ಗುಜರಿಗೆ ಹಾಕಿದೆ," ಎಂದಿದ್ದ.

ಒಂಬತ್ತನೆಯ ದಿನ ಬೆಳಿಗ್ಗೆ ಬಂದ ಬಾಡಿಗೆ ದವಾಖಾನೆಯದೇ. ಬೇವೂರಿನ ಸಿದ್ದಲಿಂಗೇಶ ಎಂಬಾತ, ದವಾಖಾನೆಯಿಂದ ಊರಿಗೆ ಮರಳುವ ತನ್ನ ಅಣ್ಣ ಅತ್ತಿಗೆಗಾಗಿ ಇದ್ದ ಸೀಟನ್ನೆಲ್ಲ ಹಿಡಿದಿದ್ದ. ಎರಡು ದಿನದಿಂದ ಗಾಡಿ ಖಾಲಿ ನಿಂತಿತ್ತು. ಹನಮೇಶ ಒಂದೇ ಸಲ ವಿಚಾರ ಮಾಡಿ ಹೊರಟ.

ಆ ಅಣ್ಣ, ಅಂದಪ್ಪ, ಎಪ್ಪತ್ತರ ಮನುಷ್ಯ, ಎಲುಬಿನ ಹಂದರ. ಇನ್ನು ಮಾಡುವಂಥದ್ದೇನೂ ಉಳಿದಿಲ್ಲ, ಊರಿಗೆ ಕರೆದುಕೊಂಡು ಹೋಗಿರಿ ಎಂದು ಡಾಕ್ಟರು ಹೇಳಿದ್ದರಂತೆ. ಹೆಂಡತಿ ಶಂಕ್ರಮ್ಮ ಹಿಂದಿನ ಸೀಟಿನಲ್ಲಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಗಾಡಿ ಊರು ಬಿಟ್ಟ ಮೇಲೆ ಆಕೆ ಕೇಳಿಕೊಂಡದ್ದು ಒಂದೇ.

"ಊರ ಅಗಸಿ ಬಾಗಿಲಾ ದಾಟೂತನಾ ಜೀವ ಇರಬೇಕು ನೋಡಪಾ. ಅಗಸಿ ಹೊರಗ ಜೀವ ಬಿಟ್ಟವ್ರನ್ನ ನಮ್ಮೂರಾಗ ಹೊಸ್ತಿಲ ಒಳಗ ತಗೊಳ್ಳೂದಿಲ್ಲ. ನಮ್ಮ ಮಾವನ್ನ ಹಂಗ ಅಂಗಳದಾಗ ಕುಂದ್ರಿಸಿದ್ರು. ರಾತ್ರಿಯೆಲ್ಲ ಮಳಿ ಬಂತು."

ಹನಮೇಶ ಆಗಲಿ ಎಂದ. ಗಾಡಿ ಕುಲುಕಿದರೆ ಮುದುಕನಿಗೆ ತ್ರಾಸಾದೀತೆಂದು ತಗ್ಗು ಬಂದಲ್ಲೆಲ್ಲ, ಕಾದ ಕಬ್ಬಿಣ ಎತ್ತಿ ಇಳಿಸುತ್ತಿದ್ದಷ್ಟೇ ಹುಷಾರಿಯಿಂದ ನಡೆಸಿದ. ಮೂರು ರಾತ್ರಿ ಕಣ್ಣು ಮುಚ್ಚದ ಶಂಕ್ರಮ್ಮ ತೂಕಡಿಸಿ, ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದಳು. ಆಮೇಲೆ ಗಾಡಿಯಲ್ಲಿ ಕೇಳುತ್ತಿದ್ದದ್ದು ಅಂದಪ್ಪನ ಗೊರಗೊರ ಉಸಿರು ಮಾತ್ರ. ತೊಗರಿ ಹೊಲಗಳ ನಡುವೆ, ಬೇವೂರು ಇನ್ನೂ ಎಂಟು ಮೈಲಿ ಇರುವಾಗ, ಅದೂ ನಿಂತಿತು.

ಕನ್ನಡಿಯಲ್ಲಿ ನೋಡಿದ. ಬಾಯಿ ತೆರೆದಿತ್ತು. ಗಾಡಿಯನ್ನು ಅಂಚಿಗೆ ತಂದು ನಿಲ್ಲಿಸಿ, ಹಿಂದಕ್ಕೆ ಬಾಗಿ ಮೂಗಿನ ಹತ್ತಿರ ಬೆರಳು ಹಿಡಿದ. ಏನೂ ಇರಲಿಲ್ಲ. ಎಬ್ಬಿಸಿದರೆ ಈಕೆ ದಾರಿಯಲ್ಲೇ ಅಳುತ್ತಾಳೆ, ಮುದುಕ ಅಂಗಳದಲ್ಲಿ ಉಳಿಯುತ್ತಾನೆ ಎಂಬುದು ಹೊಳೆಯಿತು. ಮಕ್ಬುಲಸಾಬನ ಜೀಪೂ ನೆನಪಾಯಿತು. ಯಾವುದು ಮೊದಲು ಬಂತೆಂದು ಆಮೇಲೆ ಎಷ್ಟು ವಿಚಾರ ಮಾಡಿದರೂ ಅವನಿಗೆ ತಿಳಿಯಲಿಲ್ಲ. ಜಾರಿದ್ದ ಕಂಬಳಿಯನ್ನು ಮುದುಕನ ಎದೆಯ ಮೇಲೆಳೆದು, ಗಾಡಿ ಬಿಟ್ಟ.

ಅಗಸಿ ದಾಟಿ ಮನೆ ಮುಂದೆ ನಿಲ್ಲಿಸಿದಾಗಲೇ ಶಂಕ್ರಮ್ಮನನ್ನು ಕರೆದದ್ದು. ಆಕೆ ಎಚ್ಚತ್ತು, ಗಂಡನ ಗಲ್ಲ ಮುಟ್ಟಿ, ಕೈ ಹಾಗೆಯೇ ಇಟ್ಟುಕೊಂಡಳು. ನೆರೆದಿದ್ದ ಮಂದಿ ಗಾಡಿ ಸುತ್ತ ಬಂದರು. ಸಿದ್ದಲಿಂಗೇಶ ಬಾಗಿಲು ತೆರೆದವನು ಅಣ್ಣನನ್ನು ನೋಡಿ, ಹನಮೇಶನ ಕಡೆ ತಿರುಗಿದ.

"ಅಗಸಿಗೆ ಬರೂತನಾ ಇದ್ರೇನ್ರಿ?"

"ಇದ್ರು ರೀ. ಒಳಗ ಬಂದ ಮ್ಯಾಲ ಹೋದ್ರು."

ಹಿಂದೆ ನಿಂತಿದ್ದ ಹಿರಿಯನೊಬ್ಬ ಅವನ ಮುಖವನ್ನೇ ನೋಡುತ್ತಿದ್ದ. ಮಾತೇನಾದರೂ ಆಡಿದರೇ ಎಂದು ಕೇಳಿದ. ಕಾರ್ಖಾನೆಯಲ್ಲಿ ಸಾಹೇಬರು ಹೀಗೆ ನೋಡಿದಾಗ, ಹೇಳಿದ್ದಕ್ಕೆ ಇನ್ನೊಂದು ಸಣ್ಣ ಮಾತು ಸೇರಿಸಿದರೆ ನಂಬಿ ಬಿಡುತ್ತಿದ್ದರು. ಹನಮೇಶ ಅದನ್ನೇ ಮಾಡಿದ.

"ಊರ ಮುಂದಿನ ಹಳ್ಳ ದಾಟಿದ ಮ್ಯಾಲ ನೀರು ಕೇಳಿದ್ರು ರೀ."

ಹಿರಿಯ ತಲೆಯಾಡಿಸಿದ. ನಾಲ್ಕು ಮಂದಿ ಅಂದಪ್ಪನನ್ನು ಎತ್ತಿ, ಹೊಸ್ತಿಲು ದಾಟಿಸಿ, ಪಡಸಾಲೆಯ ಗೋಡೆಗೆ ಒರಗಿಸಿ ಕೂಡಿಸಿದರು. ಗದ್ದಕ್ಕೆ ಬಟ್ಟೆ ಕಟ್ಟಿ, ಹೊಸ ಅಂಗಿ ತೊಡಿಸಿ, ಹಣೆಗೆ ವಿಭೂತಿ ಹಚ್ಚಿದರು. ಶಂಕ್ರಮ್ಮ ಮಾತ್ರ ಗಾಡಿಯಿಂದ ಇಳಿದಿರಲಿಲ್ಲ. ಇಬ್ಬರು ಹೆಂಗಸರು ರಟ್ಟೆ ಹಿಡಿದು ಇಳಿಸಿದರು. ಆಕೆ ಅಳದೆ ಒಳಗೆ ಹೋಗಿ, ತಂಬಿಗೆ ತುಂಬಿಕೊಂಡು ಬಂದು ಗಂಡನ ಮುಂದೆ ಕೂತು, ಮುಚ್ಚಿ ಕಟ್ಟಿದ್ದ ಬಾಯಿಗೆ ಬೆರಳಿನಿಂದ ನೀರು ಬಿಡತೊಡಗಿದಳು. ನೀರು ಗದ್ದಕ್ಕಿಳಿದು ಹೊಸ ಅಂಗಿ ತೋಯಿಸಿತು. ಸಾಕು ಯವ್ವಾ, ಎಂದು ಹೆಂಗಸರು ಕೈ ಹಿಡಿದರೂ ಬಿಡಲಿಲ್ಲ.

ಬಾಗಿಲಲ್ಲಿ ನಿಂತ ಹನಮೇಶನಿಗೆ ತಾನು ಮಾಡಿದ್ದೇನೆಂದು ಆಗ ತಿಳಿಯಿತು. ಮುದುಕ ನೀರು ಕೇಳಲೇ ಇಲ್ಲ, ನಿದ್ದೆಯಲ್ಲಿದ್ದಂತೆಯೇ ಹೋದ ಎಂದು ಈಗಲೇ ಹೇಳಿಬಿಡಬೇಕು. ಹೇಳಿದರೆ ಎಲ್ಲಿ ಹೋದ ಎಂದು ಕೇಳುತ್ತಾರೆ. ಕೇಳಿದರೆ, ಗೋಡೆಗೆ ಒರಗಿದವನನ್ನು ಎತ್ತಿ ಅಂಗಳಕ್ಕೆ ತರುತ್ತಾರೆ.

ಅವನು ಅಂಗಳಕ್ಕಿಳಿದು ಗಾಡಿಯ ಬಾಗಿಲಿಗೆ ಕೈ ಹಾಕುವಷ್ಟರಲ್ಲಿ ಶಂಕ್ರಮ್ಮ ಹಿಂದೆಯೇ ಬಂದಳು. ಕೈಯಲ್ಲಿ ತಂಬಿಗೆ ಇತ್ತು.

"ನಾ ಮಲಗಿದ್ದೆನಪಾ," ಎಂದಳು. "ಎಷ್ಟು ಸಲ ಕೇಳಿದ್ರು?"

ಸಿದ್ದಲಿಂಗೇಶ ಹೊಸ್ತಿಲ ಒಳಗೆ ನಿಂತು ಕೇಳಿಸಿಕೊಳ್ಳುತ್ತಿದ್ದ. ಹನಮೇಶ ಆಕೆಯ ಮುಖ ನೋಡಲಾರದೆ ಅವಳ ಪಾದ ನೋಡಿದ.

"ಒಂದ ಸಲ ರೀ, ಯವ್ವಾ," ಎಂದ. "ಭಾಳ ಸಣ್ಣ ದನೀಲೆ."