ಅಂಚಿನ ಸಾಲಿನ ಬೋಲ್ಟು

“ಕಾಲು ಒರೆಸ್ಕೊಂಡು ಹತ್ತೇ, ಮುಂಡೆ! ಹೊಸ ತಗಡಿಗೆ ಕೆಸರು ಮೆತ್ತೀಯ.”

ಸಂಜೆಯೊಳಗೆ ಬಿರುಗಾಳಿ ಬರುತ್ತದೆಂದು ರೇಡಿಯೋ ಬೆಳಗಿನಿಂದ ಬಡಿದುಕೊಳ್ಳುತ್ತಿತ್ತು. ಊರನ್ನೇ ಗುಡಿಸಿಹಾಕುವ ಗಾಳಿಮಳೆ ಬರುವಾಗ ಧಣಿಗೆ ತಗಡಿನ ಕೆಸರಿನ ಚಿಂತೆ. ತಗಡಕ್ಕ ಸೆರಗಿನಲ್ಲೇ ಪಾದ ಒರೆಸಿಕೊಂಡು ಏಣಿ ಹತ್ತಿದಳು. ಛಾವಣಿ ಹೊದಿಸುವ ಕೆಲಸದಿಂದಲೇ ಅವಳಿಗೆ ಆ ಹೆಸರು. ಮೊದಲು ಆ ಕೆಲಸ ಗಂಡನದಾಗಿತ್ತು. ಅವನು ಇದೇ ಧಣಿಯ ಗೋದಾಮಿನ ಮೇಲಿಂದ ಬಿದ್ದು ಸತ್ತ. ಅವಳನ್ನು ಮುಂಡೆ ಮಾಡಿದವನೇ ಈಗ ಬಾಯಿತುಂಬ ಹಾಗೆ ಕರೆಯುತ್ತಿದ್ದ.

ಧಣಿಯ ಮನೆಯ ಕಿಟಕಿಗಳಿಗೆ ಹಲಗೆ ಹೊಡೆದಾಗಿತ್ತು, ಬಾಗಿಲಿಗೆ ಮರಳಿನ ಮೂಟೆ ಒಟ್ಟಿಯಾಗಿತ್ತು. ತಗಡು ಬಿಗಿಯುವ ಕೊಕ್ಕೆ ಬೋಲ್ಟು ಮಾತ್ರ ಸಾಲದೆ ಬಂದಿತ್ತು. ಅಂಗಡಿಗಳು ಮುಚ್ಚಿದ್ದವು. ಅದಕ್ಕೆ ಧಣಿಯೇ ಬೆಳಗ್ಗೆ ದಾರಿ ತೋರಿಸಿದ್ದ.

“ನಿಮ್ಮ ಸಾಲುಮನೆಗಳಿಂದ ಬಿಚ್ಕೊಂಡು ಬಾ. ಅವೂ ನಂದೇ ತಾನೆ? ನೀವೆಲ್ಲ ರಾತ್ರಿಗೆ ಹೆಂಗೂ ಶಾಲೆಗೆ ಹೋಗ್ತೀರ. ಬೀಗದ ಕೈ ನನ್ನ ಹತ್ರಾನೇ ಇದೆ, ತೆಗೆಸ್ತೀನಿ.”

ಅವಳು ನಂಬಿದಳು. ಎಂಟು ಮನೆಗಳ ಬೋಲ್ಟನ್ನೂ ತಾನೇ ಬಿಚ್ಚಿದಳು, ತನ್ನದನ್ನೂ ಬಿಡಲಿಲ್ಲ. ಮೇಲೆ ನಟ್ಟು ಬಿಚ್ಚಿದರೆ ಕೊಕ್ಕೆ ಒಳಗೆ ಬೀಳುತ್ತದೆ, ಕೆಳಗೊಬ್ಬರು ಹಿಡಿಯಬೇಕು. ಹನ್ನೆರಡು ದಿನದ ಬಾಣಂತಿ ಮಗಳು ಒಂದು ಕೈಯಲ್ಲಿ ಕೂಸು ಎತ್ತಿಕೊಂಡು ಇನ್ನೊಂದು ಕೈಯಲ್ಲಿ ಕೊಕ್ಕೆ ಹಿಡಿದಿದ್ದಳು.

“ನಮ್ಮನೇದೂ ಬಿಚ್ಬೇಕೇನಮ್ಮಾ?”

“ಶಾಲೆ ಗಟ್ಟಿ ಇದೆ ಕಣೇ. ಸಿಮೆಂಟಿನ ಛಾವಣಿ.”

ಈಗ ಅವಳು ಧಣಿಯ ಛಾವಣಿಯ ಕೊನೆಯ ಸಾಲು ಬಿಗಿದು ಮುಗಿಸಿ, ಸೊಂಟಕ್ಕೆ ಕೈಕೊಟ್ಟು ನೆಟ್ಟಗಾಗುವಾಗ, ಅದೇ ಮಗಳು ಕೂಸನ್ನು ಎದೆಗವಚಿಕೊಂಡು ಅಂಗಳಕ್ಕೆ ಓಡಿಬಂದಳು.

“ಅಮ್ಮಾ, ಶಾಲೆ ಬೀಗ ತೆಗ್ದಿಲ್ಲ! ಕಿಟಕೀಲಿ ನೋಡ್ದೆ. ಒಳಗೆ ತುಂಬಾ ಈ ಧಣಿಗಳ ಅಕ್ಕಿ ಮೂಟೆ, ಮಂಚ, ಸೋಫಾ. ಹತ್ರ ಹೋದ್ರೆ ಕಾವಲಿನವ್ನು ದೊಣ್ಣೆ ಎತ್ತುತಾನೆ. ಎಲ್ಲಾರೂ ಬಯಲಲ್ಲೇ ನಿಂತಿದ್ದಾರೆ.”

ಜಗಲಿಯ ಮೇಲೆ ಧಣಿಯ ಜೊತೆ ಸರ್ಕಾರಿ ಅಧಿಕಾರಿಯೊಬ್ಬ ಚಹಾ ಕುಡಿಯುತ್ತಿದ್ದ. ಅವನು ಕಾಗದದಿಂದ ತಲೆಯೆತ್ತಿದ. “ಶಾಲೇಲಿ ಊರಿನ ಇನ್ನೂರು ಜನ ಸುರಕ್ಷಿತ ಅಂತ ಆಗ್ಲೇ ಬರ್ದಿದ್ದೀನಲ್ಲ?”

“ಧಣೀ, ಹಸುಗೂಸು,” ಎಂದಳು ಮಗಳು. “ಇಲ್ಲೇ ಒಂದು ಮೂಲೇಲಾದ್ರೂ...”

“ಏಯ್, ಮೆಟ್ಟಿಲು ಹತ್ಬೇಡ! ಒಳಗೆ ನಾಯಿಗಳಿವೆ. ಗುರುತಿಲ್ಲದೋರನ್ನ ಕಂಡ್ರೆ ಪಾಪ, ಗಾಬರಿಯಾಗ್ತವೆ. ಆ ಮೂಟೆ ನೆನೆದ್ರೆ ನಿಮ್ಮಪ್ಪ ತಂದ್ಕೊಡ್ತಾನಾ? ಒಂದು ರಾತ್ರಿ ಹೆಂಗೋ ಸುಧಾರಿಸ್ಕೊಳ್ಳಿ.”

ತಗಡಕ್ಕನಿಗೆ ಧಣಿಯ ಮೇಲೆ ಎಷ್ಟು ಸಿಟ್ಟು ಬಂತೋ, ನಂಬಿಕೊಂಡು ಬೋಲ್ಟು ಬಿಚ್ಚಿದ ತನ್ನ ಕೈಗಳ ಮೇಲೂ ಅಷ್ಟೇ ಬಂತು. ಅವಳು ಕುಕ್ಕರಗಾಲಲ್ಲಿ ಕೂತು, ಈಗಷ್ಟೇ ಬಿಗಿದ ನಟ್ಟಿಗೆ ಸ್ಪ್ಯಾನರ್ ಹಾಕಿ ಉಲ್ಟಾ ತಿರುಗಿಸಿದಳು. ಬಿಚ್ಚಿದ ನಟ್ಟನ್ನು ಕೆಳಗೆಸೆದಳು. ಅದು ಅಂಗಳದ ಕಲ್ಲಿಗೆ ಬಡಿದು ಜಗಲಿಯತ್ತ ಉರುಳಿತು.

“ಏನೇ ಅದು?”

“ಬಿಚ್ತಿದ್ದೀನಿ. ಶಾಲೆ ಬೀಗದ ಕೈ ನನ್ನ ಮಗಳಿಗೆ ಕೊಡು. ಕಾವಲಿನವ್ನನ್ನ ವಾಪಸ್ ಕರ್ಸು. ಆಮೇಲೆ ಮತ್ತೆ ಬಿಗೀತೀನಿ.”

ಧಣಿಗೆ ಅವಳು ಏಕವಚನ ಆಡಿದ್ದು ಹುಟ್ಟಿದಮೇಲೆ ಅದೇ ಮೊದಲು. ಅಧಿಕಾರಿ ಲೋಟ ಕೆಳಗಿಟ್ಟ.

“ಏಣಿ ಎಳೀರೋ!” ಧಣಿ ಅರಚಿದ. “ಸೂಳೇಮಗಳು ಅಲ್ಲೇ ಇರ್ಲಿ. ಗಾಳಿಗೆ ಸಿಕ್ಕಿ ಸಾಯ್ಲಿ.”

ಆಳೊಬ್ಬ ತಲೆ ತಗ್ಗಿಸಿಕೊಂಡು ಬಂದು ಏಣಿ ಇಳಿಸಿದ. ಮಗಳು ಕಿರುಚಿದಳು. ತಗಡಕ್ಕನಿಗೆ ಗೋದಾಮಿನ ಕೆಳಗೆ ಮುರಿದು ಬಿದ್ದಿದ್ದ ಗಂಡ ಕಣ್ಣಿಗೆ ಕಟ್ಟಿದ. ಆದರೆ ಮರುಕ್ಷಣ ಅವಳಿಗೆ ನಗು ತಡೆಯಲಾಗಲಿಲ್ಲ.

“ಒಳ್ಳೇದಾಯ್ತು ಬಿಡೋ! ಈಗ ನನ್ನ ಹತ್ರ ಯಾವ ಬೋಳಿಮಗ ಬರ್ತಾನೆ? ಕೇಳಿಸ್ಕೋ. ಗಾಳಿ ಬಾಯಿ ಹಾಕೋದು ಈ ಅಂಚಿಗೇ. ಈ ಸಾಲು ಸಡ್ಲ ಆದ್ರೆ ಉಳಿದ ಬೋಲ್ಟು ಇದ್ರೂ ಒಂದೇ, ಇಲ್ದಿದ್ರೂ ಒಂದೇ. ನಿನ್ನ ತಲೆ ಮೇಲೆ ಮಳೆ ಬೀಳುತ್ತೆ.”

ಎರಡನೆಯ ನಟ್ಟು ಅಂಗಳಕ್ಕೆ ಬಿತ್ತು. ಮೂರನೆಯದೂ ಬಿತ್ತು. ಕಪ್ಪಿಟ್ಟ ಆಕಾಶದ ಕಡೆಯಿಂದ ಮೊದಲ ಗಾಳಿ ನುಗ್ಗಿ ಬಂದು, ಸಡಿಲಾದ ತಗಡಿನ ತುದಿಯನ್ನು ಗೇಣುದ್ದ ಎತ್ತಿ ಬಡಿಯಿತು. ಅವಳು ಇನ್ನೂ ಬಿಚ್ಚದ ಬೋಲ್ಟೊಂದರ ತುದಿ ಹಿಡಿದುಕೊಂಡು ಹೊಟ್ಟೆ ಮೇಲೆ ಮಲಗಿದಳು.

“ಬೀಗದ ಕೈ ಕೊಟ್ಬಿಡಿ ಸಾರ್,” ಎಂದ ಅಧಿಕಾರಿ, ಕಾಗದಗಳನ್ನು ಎದೆಗೊತ್ತಿಕೊಂಡು.

ಧಣಿಯ ಕೈ ಜೇಬಿನವರೆಗೆ ಹೋಗಿ ಅಲ್ಲೇ ನಿಂತಿತು. ಅಂಗಳದಲ್ಲಿ ಮಗಳು ಕೂಸಿನ ಮುಖಕ್ಕೆ ಸೆರಗು ಮುಚ್ಚಿ, ಅವನೆದುರು ಅಂಗೈ ಚಾಚಿ ನಿಂತಿದ್ದಳು. ತಗಡಕ್ಕ ಮಲಗಿದಲ್ಲಿಂದಲೇ ತೆವಳಿ ನಾಲ್ಕನೆಯ ಬೋಲ್ಟಿಗೆ ಸ್ಪ್ಯಾನರ್ ಹಾಕಿದಳು.